ಸಾಮಾನು ಗಾಡಿಯ ಎಂಜಿನು

ಬೆಂಗಳೂರಿನಿಂದ ಯಶವಂತಪುರವನ್ನು ದಾಟಿ ತುಮಕೂರಿನ ಕಡೆಗೆ ಹೋಗುವ ಕಂಬಿಯ ದಾರಿಯಲ್ಲಿ ಚಿಕ್ಕಬಾಣಾವರವೆಂಬ ನಿಲ್ದಾಣವಿರುವುದು. ಅದಕ್ಕೆ ಸಮೀಪದ ಅಬ್ಬಿಗೆರೆಯಲ್ಲಿ, ಊರು ಮಲಗಿದ ಮೇಲೆ ಕಿವಿಗೊಟ್ಟು ಕೇಳುವವರು ಎರಡು ಬಗೆಯ ಗಾಡಿಗಳ ಸದ್ದನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲರು. ಒಂದು ಬೇಗನೆ ಬಂದು ಬೇಗನೆ ಹೋಗುವುದು. ಅದು ಜನರನ್ನು ಹೊತ್ತ ಗಾಡಿ. ಇನ್ನೊಂದರ ಸದ್ದು ಮುಗಿಯಿತೆಂದು ನಾವು ತಿಳಿದ ಮೇಲೂ ಮುಗಿಯದೆ, ಡಬ್ಬಿಯ ಹಿಂದೆ ಡಬ್ಬಿಯಾಗಿ ಉರುಳುತ್ತಲೇ ಇರುವುದು. ಅದು ಸಾಮಾನು ಗಾಡಿ. ಮೊದಲನೆಯದಕ್ಕೆ ಹೆಸರುಂಟು, ವೇಳಾಪಟ್ಟಿಯುಂಟು, ಬೀಳ್ಕೊಡಲು ಬರುವ ನೆಂಟರಿಷ್ಟರುಂಟು. ಎರಡನೆಯದಕ್ಕೆ ಇವು ಯಾವುವೂ ಇಲ್ಲ. ಜನರು ಅದನ್ನು ಗೂಡ್ಸ್ ಗಾಡಿಯೆಂದು ಕರೆದು, ಅದು ದಾಟಿಹೋಗುವವರೆಗೆ ಗೇಟಿನ ಬಳಿ ಬೇಸರದಿಂದ ನಿಂತಿರುವರು.

ರೈಲ್ವೆಯ ಚರಿತ್ರೆಯನ್ನು ಬರೆದವರೂ ಬಹುಮಟ್ಟಿಗೆ ಹೀಗೆಯೇ ನಡೆದುಕೊಂಡಿರುವರು. ಮೈಲು ಗಾಡಿಯ ಎಂಜಿನಿನ ವೇಗವನ್ನೂ ಅರಸರ ಸಲೂನಿನ ಸೊಗಸನ್ನೂ ವರ್ಣಿಸಿದಷ್ಟು ಅಕ್ಕರೆಯಿಂದ ಯಾರೂ ಸಾಮಾನು ಗಾಡಿಯ ಎಂಜಿನನ್ನು ವರ್ಣಿಸಿಲ್ಲ. ಆದರೆ ದೇಶದ ಹೊಟ್ಟೆಗೂ ರೈಲ್ವೆಗೂ ಇರುವ ಸಂಬಂಧವನ್ನು ತಿಳಿಯಬೇಕಾದರೆ ನಾವು ನೋಡಬೇಕಾದದ್ದು ಈ ಎರಡನೆಯ ಎಂಜಿನನ್ನೇ. ಅದು ಬ್ರಿಟನ್ನಿನಲ್ಲಿ ಹೇಗೆ ರೂಪುಗೊಂಡಿತು, ನಮ್ಮ ಮೈಸೂರು ಸೀಮೆಗೆ ಯಾವ ಸನ್ನಿವೇಶದಲ್ಲಿ ಬಂದಿತು, ಕಡೆಗೆ ಏನಾಯಿತು, ಈಗ ಅದರ ಪುಟ್ಟ ಮಾದರಿಗಳಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಕುರಿತು ಸ್ವಲ್ಪ ವಿಚಾರಮಾಡೋಣ.

ಮೊದಲು ಯಂತ್ರದ ತತ್ತ್ವವನ್ನು ನೋಡುವ. ನುಣುಪಾದ ಉಕ್ಕಿನ ಕಂಬಿಯ ಮೇಲೆ ನುಣುಪಾದ ಉಕ್ಕಿನ ಚಕ್ರವು ಉರುಳುವಾಗ ಅದು ಜಾರದಂತೆ ಹಿಡಿದಿಡುವುದು ಎಂಜಿನಿನ ಭಾರವೊಂದೇ. ಉಗಿಯ ಬಲದಿಂದ ತಿರುಗುವ ಚಕ್ರಗಳ ಮೇಲೆ ಎಷ್ಟು ಭಾರ ಬೀಳುವುದೋ ಅದರ ಸುಮಾರು ಕಾಲುಭಾಗದಷ್ಟು ಬಲದಿಂದ ಮಾತ್ರ ಎಂಜಿನು ಎಳೆಯಬಲ್ಲುದು. ಅದಕ್ಕಿಂತ ಹೆಚ್ಚು ಉಗಿಯನ್ನು ಬಿಟ್ಟರೆ ಚಕ್ರವು ನಿಂತಲ್ಲೇ ಗರಗರನೆ ಸುತ್ತುವುದೇ ಹೊರತು ಗಾಡಿ ಮುಂದೆ ಸಾಗದು. ಮೈಲು ಗಾಡಿಯ ಎಂಜಿನಿಗೆ ವೇಗವು ಮುಖ್ಯವಾದುದರಿಂದ ಅದಕ್ಕೆ ದೊಡ್ಡ ಚಕ್ರಗಳನ್ನೂ, ತಿರುವಿನಲ್ಲಿ ದಾರಿ ತೋರಿಸಲು ಮುಂದುಗಡೆ ಸಣ್ಣ ಚಕ್ರಗಳನ್ನೂ ಕೊಡುವರು. ಆ ಸಣ್ಣ ಚಕ್ರಗಳ ಮೇಲೆ ಬಿದ್ದ ಭಾರವು ಎಳೆತಕ್ಕೆ ಒದಗುವುದಿಲ್ಲ. ಸಾಮಾನು ಗಾಡಿಯ ಎಂಜಿನಿಗೆ ಈ ದುಂದು ಸಲ್ಲದು. ಅದಕ್ಕೆ ಚಿಕ್ಕ ಚಕ್ರಗಳು ಮೂರು ಜೊತೆ. ಮೂರನ್ನೂ ಸರಳುಗಳಿಂದ ಒಂದಕ್ಕೊಂದು ಜೋಡಿಸಿರುವುದು. ಎಂಜಿನಿನ ಭಾರವೆಲ್ಲ ಆ ಆರು ಚಕ್ರಗಳ ಮೇಲೆಯೇ. ಮುಂದೆ ಬೇರೆ ಚಕ್ರವಿಲ್ಲ, ನಡುವೆ ಆರು, ಹಿಂದೆಯೂ ಇಲ್ಲ ಎಂಬುದನ್ನು ರೈಲ್ವೆಯವರು 0-6-0 ಎಂದು ಬರೆಯುವರು.

ಬ್ರಿಟನ್ನಿನಲ್ಲಿ ಈ ಬಗೆಯ ಎಂಜಿನು ಕಲ್ಲಿದ್ದಲು, ಕಬ್ಬಿಣ, ಹತ್ತಿ, ಉಪ್ಪುಗಳನ್ನು ಎಳೆದು ಎಳೆದು ಆ ದೇಶದ ಕೈಗಾರಿಕೆಯನ್ನು ಬೆಳೆಯಿಸಿತು. ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯ ಕ್ರೂ ಕಾರ್ಖಾನೆಯಲ್ಲಿ ಜಾನ್ ರಾಮ್ಸ್‌ಬಾಟಮ್ ಎಂಬ ಎಂಜಿನಿಯರು 1858ರಲ್ಲಿ ಡಿಎಕ್ಸ್ ಎಂಬ ವರ್ಗವನ್ನು ಆರಂಭಿಸಿದನು. ಅದೇ ನಕ್ಷೆಯಿಂದ ಆ ರೈಲ್ವೆಗೆ 857, ನೆರೆಯ ಲ್ಯಾಂಕಾಷೈರ್ ಅಂಡ್ ಯಾರ್ಕ್‌ಷೈರ್ ರೈಲ್ವೆಗೆ 86, ಒಟ್ಟು 943 ಎಂಜಿನುಗಳು ತಯಾರಾದುವು. ಅದಕ್ಕೆ ಮುಂಚೆ ಎಂಜಿನೆಂಬುದು ಹೆಚ್ಚು ಕಡಮೆ ಒಂದೊಂದೂ ಒಂದೊಂದು ಬಗೆಯಾಗಿದ್ದಿತು. ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದುವುದು ಅಪರೂಪ. ಒಂದೇ ಅಚ್ಚಿನಿಂದ ನೂರಾರು ಎಂಜಿನುಗಳನ್ನು ತೆಗೆಯುವ ಈ ಕ್ರಮದಿಂದ ಖರ್ಚು ತಗ್ಗಿತು, ದುರಸ್ತಿ ಸುಲಭವಾಯಿತು, ಚಾಲಕನು ಒಂದನ್ನು ಕಲಿತರೆ ಎಲ್ಲವನ್ನೂ ಕಲಿತಂತಾಯಿತು. ಸಾಮಾನು ಗಾಡಿಯ ಎಂಜಿನಿನ ಭಾಗ್ಯವೂ ದೌರ್ಭಾಗ್ಯವೂ ಈ ಏಕರೂಪತೆಯಲ್ಲಿಯೇ ಅಡಗಿರುವುವು. ಎಲ್ಲವೂ ಒಂದೇ ಬಗೆಯಾದುದರಿಂದ ಅದು ಎಲ್ಲೆಲ್ಲಿಯೂ ಹರಡಿತು. ಎಲ್ಲವೂ ಒಂದೇ ಬಗೆಯಾದುದರಿಂದಲೇ ಅದರಲ್ಲಿ ಒಂದನ್ನಾದರೂ ಉಳಿಸಬೇಕೆಂದು ಯಾರಿಗೂ ತೋರಲಿಲ್ಲ. ಆ 943ರಲ್ಲಿ ಇಂದು ಒಂದು ಎಂಜಿನೂ ಉಳಿದಿಲ್ಲ.

ಇನ್ನು ನಮ್ಮ ದೇಶದ ಮಾತು. ಇಲ್ಲಿಯ ಮೊದಲ ರೈಲು ದಾರಿಗಳ ಕಂಬಿಗಳ ನಡುವಣ ಅಂತರ 5 ಅಡಿ 6 ಅಂಗುಲ. ಅದು ಭಾರಿಯ ಕೆಲಸ, ಭಾರಿಯ ವೆಚ್ಚ. ಲಾರ್ಡ್ ಮೇಯೋ ವೈಸರಾಯನಾಗಿದ್ದಾಗ, 1870ರಲ್ಲಿ, ಸರ್ಕಾರವು ಅಗ್ಗದ ಕಿರಿದಾದ ದಾರಿಗಳನ್ನು ಹಾಕುವುದೆಂದು ನಿಶ್ಚಯಿಸಿತು. ಮೊದಲು 3 ಅಡಿ 3 ಅಂಗುಲವೆಂದು ಆಲೋಚಿಸಿ, ದೇಶಕ್ಕೆ ಮೆಟ್ರಿಕ್ ಅಳತೆ ಬೇಗನೆ ಬರುವುದೆಂಬ ನಂಬಿಕೆಯಿಂದ ಅದನ್ನು ಒಂದು ಮೀಟರಿಗೆ ಸರಿಪಡಿಸಿದರು. ಮೆಟ್ರಿಕ್ ತೂಕ ಅಳತೆಗಳು ಜನರ ಅಂಗಡಿಗೆ ಬರಲು 1950ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಆದರೆ ಮೀಟರು ಮಾತ್ರ ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಮುಂಚಿತವಾಗಿ ಕಂಬಿಯ ರೂಪದಲ್ಲಿ ನೆಲದ ಮೇಲೆ ಬಂದು ಮಲಗಿದ್ದಿತು.

ಮೈಸೂರು ಸೀಮೆಗೆ ಈ ಮೀಟರು ದಾರಿ ಬಂದದ್ದು ಕ್ಷಾಮದ ಬೆನ್ನ ಹಿಂದೆ. 1875ರಿಂದ ಮಳೆ ಕೈಕೊಡಲು ತೊಡಗಿ, 1876ರಿಂದ 1878ರವರೆಗೆ ನಾಡು ಕಂಡ ಘೋರ ಕ್ಷಾಮವು ಹಿರಿಯರ ಮಾತಿನಲ್ಲಿ ಧಾತು ಈಶ್ವರದ ಬರವೆಂದು ನಿಂತಿರುವುದು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡಿನಲ್ಲಿ ಎಂಟು ಲಕ್ಷ ಅರುವತ್ತೊಂಬತ್ತು ಸಾವಿರಕ್ಕೂ ಮಿಕ್ಕು ಜನರು ಕಡಮೆಯಾಗಿದ್ದರು. ಈ ಎರಡು ಅಂಕಿಗಳ ನಡುವಣ ಮೌನವನ್ನು ಮನಸ್ಸಿಗೆ ತಂದುಕೊಳ್ಳದೆ ಮೈಸೂರು ರೈಲ್ವೆಯ ಚರಿತ್ರೆಯನ್ನು ಹೇಳಲಾಗದು.

ಆಗ ಬೆಂಗಳೂರಿಗೆ ರೈಲು ಇಲ್ಲದಿರಲಿಲ್ಲ. ಮದ್ರಾಸ್ ರೈಲ್ವೆಯ ಅಗಲ ದಾರಿಯು ಜೋಲಾರಪೇಟೆಯಿಂದ ಬೆಂಗಳೂರಿನ ದಂಡಿಗೆ 1864ರಲ್ಲಿಯೇ ಬಂದಿದ್ದಿತು. ಹೊರಗಿನಿಂದ ಧಾನ್ಯವು ಆ ದಾರಿಯಲ್ಲಿ ಬೆಂಗಳೂರನ್ನು ಮುಟ್ಟಬಹುದಾಗಿದ್ದಿತು. ಆದರೆ ಅಲ್ಲಿಂದ ಮುಂದಕ್ಕೆ ತುಮಕೂರಿಗಾಗಲಿ ಮೈಸೂರಿಗಾಗಲಿ ಎತ್ತಿನ ಗಾಡಿಯೊಂದೇ ಗತಿ. ಎತ್ತಿನ ಗಾಡಿಯೊಂದು ಸುಮಾರು ಅರ್ಧ ಟನ್ನು ಹೊತ್ತು ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆಯುವುದು. 86 ಮೈಲಿಯಾಚೆಯ ಮೈಸೂರಿಗೆ ಒಂದು ವಾರಕ್ಕೂ ಹೆಚ್ಚು ದಿನ ಬೇಕು. ಬರಗಾಲದಲ್ಲಿ ಆ ಲೆಕ್ಕವೂ ನಿಲ್ಲಲಿಲ್ಲ. ಏಕೆಂದರೆ ಮನುಷ್ಯನಿಗೆ ಅನ್ನವಿಲ್ಲದ ಕಾಲದಲ್ಲಿ ಎತ್ತಿಗೆ ಹುಲ್ಲೂ ಇರುವುದಿಲ್ಲ, ದಾರಿಯ ಕೆರೆಗಳಲ್ಲಿ ನೀರೂ ಇರುವುದಿಲ್ಲ. ಅನ್ನವನ್ನು ಸಾಗಿಸಬೇಕಾದ ಪ್ರಾಣಿಯೇ ಅನ್ನವಿಲ್ಲದೆ ಸಾಯುವಾಗ, ಹುಲ್ಲು ತಿನ್ನದ ಎತ್ತೊಂದು ಬೇಕಾಗಿದ್ದಿತು. ಸಾಮಾನು ಗಾಡಿಯ ಎಂಜಿನು ನಮ್ಮ ಸೀಮೆಗೆ ಬಂದದ್ದು ಈ ಅರ್ಥದಲ್ಲಿ.

ಬೆಂಗಳೂರು ಮೈಸೂರು ದಾರಿಯ ಮಣ್ಣಿನ ಕೆಲಸವು ಕ್ಷಾಮ ಪರಿಹಾರದ ಕೆಲಸವಾಗಿಯೇ ಮೊದಲಾಯಿತು. ಹಸಿದವರು ಹೊತ್ತು ಹಾಕಿದ ಮಣ್ಣಿನ ಏರಿಯ ಮೇಲೆ ಮುಂದೆ ಕಂಬಿಗಳು ಬಂದುವು. 1881ರ ಮಾರ್ಚಿಯಲ್ಲಿ ರಾಜ್ಯಭಾರವು ಶ್ರೀ ಚಾಮರಾಜೇಂದ್ರ ಒಡೆಯರವರ ಕೈಗೆ ಬಂದಿತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1882ರಲ್ಲಿ, ಗಾಡಿಯು ಮೈಸೂರನ್ನು ಮುಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1884ರಲ್ಲಿ, ಯಶವಂತಪುರ ಚಿಕ್ಕಬಾಣಾವರಗಳ ಮೇಲೆ ಹಾದು ತುಮಕೂರಿಗೆ ದಾರಿಯಾಯಿತು. ಬಳಿಕ ಲಂಡನ್ನಿನಲ್ಲಿ ಸಾಲವನ್ನೆತ್ತಿ, ಕೆಲಸವನ್ನು ದಕ್ಷಿಣ ಮರಾಠಾ ರೈಲ್ವೆ ಕಂಪನಿಗೆ ಒಪ್ಪಿಸಲಾಗಿ, ಗುಬ್ಬಿಯಿಂದ ಮುಂದೆ ತಿಪಟೂರು, ಅರಸೀಕೆರೆ, ಬೀರೂರುಗಳನ್ನು ಹಾದು ದಾರಿಯು 1889ರಲ್ಲಿ ಹರಿಹರವನ್ನು ಸೇರಿತು. ಯಶವಂತಪುರದಿಂದ ಯಲಹಂಕದ ಮೇಲೆ ಹಿಂದೂಪುರದ ಕಡೆಗೆ ಹೋಗುವ ಕವಲು 1890ರ ದಶಕದ ಮೊದಲಲ್ಲಿ ಬಂದಿತು. ಹೀಗೆ, ಇಂದು ನಾವು ಉತ್ತರ ಬೆಂಗಳೂರೆಂದು ಕರೆಯುವ ಹಳ್ಳಿಗಾಡು ಇಪ್ಪತ್ತು ವರ್ಷಗಳೊಳಗೆ ಎರಡು ದಾರಿಗಳ ಕೂಡುನೆಲವಾಯಿತು.

ಈ ಮೀಟರು ದಾರಿಗಳಿಗೆಂದು ಬ್ರಿಟನ್ನಿನಲ್ಲಿ ತಯಾರಾದ ಎಂಜಿನುಗಳನ್ನು ಭಾರತ ಸರ್ಕಾರದ ರೈಲ್ವೆಗಳು ಎ, ಬಿ, ಸಿ ಎಂದು ಅಕ್ಷರಗಳಿಂದ ವರ್ಗೀಕರಿಸಿದುವು. ಅವುಗಳಲ್ಲಿ ಬಹು ದೊಡ್ಡ ಸಂಸಾರ ಎಫ್ ವರ್ಗದ್ದು. ಗ್ಲಾಸ್ಗೋ ನಗರದ ಡಬ್ಸ್ ಕಂಪನಿಯು 1870ರ ದಶಕದ ನಡುವಿನಲ್ಲಿ ಅದನ್ನು ಮೊದಲು ಕಟ್ಟಿತು. ಅನಂತರ ಬ್ರಿಟನ್ನಿನ ಬೇರೆ ಬೇರೆ ಕಾರ್ಖಾನೆಗಳು 1920ರ ದಶಕದವರೆಗೂ ಅದೇ ಮೂಲ ಮಾದರಿಯಿಂದ ಎಂಟುನೂರಕ್ಕೂ ಹೆಚ್ಚು ಎಂಜಿನುಗಳನ್ನು ತೆಗೆದುವು. ಇದೂ 0-6-0 ಜಾತಿಯದೇ. ಡಿಎಕ್ಸ್ ವರ್ಗದ ದೂರದ ತಮ್ಮನೆನ್ನಬಹುದು. ರಾಜಪುತಾನದ ಮರಳಿನಲ್ಲಿಯೂ, ಗಂಗೆಯ ಬಯಲಿನಲ್ಲಿಯೂ, ದಕ್ಷಿಣ ಮರಾಠಾ ರೈಲ್ವೆಯ ಕಪ್ಪುನೆಲದಲ್ಲಿಯೂ ಒಂದೇ ಬಗೆಯ ಎಂಜಿನು ದುಡಿಯಿತು. ಅಂದಿನ ಮೀಟರು ದಾರಿಗಳ ಕಂಬಿ ತೆಳುವಾದುದು. ಗಜವೊಂದಕ್ಕೆ ಸುಮಾರು 41 ಪೌಂಡಿನ ಕಂಬಿಯೇ ಅನೇಕ ಕಡೆಗಳಲ್ಲಿ ಇದ್ದುದು. ಭಾರವು ಹೆಚ್ಚಿದರೆ ಕಂಬಿ ಬಾಗುವುದು. ಭಾರವು ಕಡಮೆಯಾದರೆ ಚಕ್ರ ಜಾರುವುದು. ಈ ಎರಡು ಕಷ್ಟಗಳ ನಡುವೆ ಹದವನ್ನು ಕಂಡುಕೊಂಡುದೇ ಆ ಎಂಜಿನಿನ ಜಾಣ್ಮೆ. ಭಾರವನ್ನು ಆರು ಚಕ್ರಗಳಿಗೂ ಸಮನಾಗಿ ಹಂಚಿ, ಕಂಬಿಯನ್ನೂ ಕಾಪಾಡಿ, ಎಳೆತವನ್ನೂ ಕಳೆದುಕೊಳ್ಳದೆ ಅದು ನಡೆಯಿತು.

ಏರು ದಾರಿಯಲ್ಲಿ ಈ ಹದವು ಎಷ್ಟು ಬೇಕೆಂಬುದಕ್ಕೆ ಒಂದು ಲೆಕ್ಕವನ್ನು ಹೇಳಬಹುದು. ಮಟ್ಟವಾದ ದಾರಿಯಲ್ಲಿ ಒಂದು ಟನ್ನು ಭಾರವನ್ನು ನಿಧಾನವಾಗಿ ಎಳೆಯಲು 10 ಪೌಂಡಿಗಿಂತ ಕಡಮೆಯ ಬಲ ಸಾಕು. ನೂರು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ ಅದರ ಜೊತೆಗೆ ಇನ್ನೂ 22 ಪೌಂಡಿಗಿಂತ ಹೆಚ್ಚು ಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಏರಿನಲ್ಲಿಯೂ ಎಂಜಿನಿನ ಕಷ್ಟ ಮೂರು ಮಡಿಗಿಂತ ಮಿಗಿಲಾಗುವುದೆಂದು ಇದರಿಂದ ತಿಳಿಯುವುದು. ಮಿಟ್ಟೆ ತಗ್ಗುಗಳ ನಮ್ಮ ಮೈಸೂರು ಮೈದಾನದಲ್ಲಿ ಸಾಮಾನು ಗಾಡಿಯ ಚಾಲಕನೂ ಬೆಂಕಿಯವನೂ ಪಟ್ಟ ಪಾಡನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಕಲ್ಲಿದ್ದಲಿನ ಗಣಿಗಳು ದೂರವಾದುದರಿಂದ ದಕ್ಷಿಣದ ಮೀಟರು ದಾರಿಗಳಲ್ಲಿ ಬಹು ಕಾಲ ಸೌದೆಯನ್ನೂ ಉರಿಸುತ್ತಿದ್ದರು. ಒಲೆಗೆ ಸೌದೆ ಹಾಕುವ ಕೈಗೆ ಬಿಡುವೇ ಇರುತ್ತಿರಲಿಲ್ಲ. ಹಾಗೆಯೇ ಕಾಡಿಗೂ ಬಿಡುವಿರಲಿಲ್ಲ.

ಈ ಎಂಜಿನಿಗೆ ಸಂಬಂಧಿಸಿದ ಒಂದು ಹೆಮ್ಮೆಯ ಸಂಗತಿಯುಂಟು. 1895ರಲ್ಲಿ ಅಜ್ಮೀರದ ರೈಲ್ವೆ ಕಾರ್ಖಾನೆಯಲ್ಲಿ ನಮ್ಮ ದೇಶದ ಕೆಲಸಗಾರರು ಎಫ್ ವರ್ಗದ ಎಂಜಿನೊಂದನ್ನು ಕಟ್ಟಿ ನಿಲ್ಲಿಸಿದರು. ಭಾರತದಲ್ಲಿಯೇ ತಯಾರಾದ ಮೊದಲ ಎಂಜಿನೆಂದು ಹೆಸರಾದ ಎಫ್ 734 ಅದೇ. ಅದನ್ನು ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು. ಮೈಲು ಗಾಡಿಯ ಸೊಗಸಾದ ಎಂಜಿನಲ್ಲ, ಮೂಟೆಗಳನ್ನು ಎಳೆಯಲು ಹುಟ್ಟಿದ ಸಾಮಾನ್ಯ ಎಂಜಿನು ನಮ್ಮವರ ಮೊದಲ ಕೈಕೆಲಸವಾಯಿತೆಂಬುದು ಯೋಗ್ಯವಾಗಿಯೇ ಇರುವುದು. ಆದರೂ ಹೊರಗಿನಿಂದ ಎಂಜಿನು ತರಿಸುವ ಪದ್ಧತಿ ನಿಲ್ಲಲಿಲ್ಲ. 1921ರಲ್ಲಿ ಸಿಂಗಭೂಮಿಯಲ್ಲಿ ಎಂಜಿನುಗಳನ್ನು ಕಟ್ಟಲೆಂದೇ ಹುಟ್ಟಿದ ಪೆನಿನ್ಸುಲರ್ ಲೋಕೋಮೋಟಿವ್ ಕಂಪನಿಯು ಎಂಜಿನುಗಳ ತಯಾರಿಕೆಯಲ್ಲಿ ಸಫಲವಾಗದೆ ಹೋಯಿತು. ಚಿತ್ತರಂಜನದ ಕಾರ್ಖಾನೆಯು 1950ರಲ್ಲಿ ಕೆಲಸವನ್ನಾರಂಭಿಸಿದ ಮೇಲೆಯೇ ದೇಶವು ತನ್ನ ಎಂಜಿನನ್ನು ತಾನೇ ದೊಡ್ಡ ಪ್ರಮಾಣದಲ್ಲಿ ಕಟ್ಟಿಕೊಳ್ಳಲು ಸಾಧ್ಯವಾದುದು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಸಾಮಾನು ಗಾಡಿಯ ಎಂಜಿನು ಅನ್ನದಾತನೆಂದು ಹೊಗಳಿ ಮುಗಿಸುವುದು ಸುಲಭ. ಆದರೆ ಅದು ಪೂರ್ಣ ಸತ್ಯವಾಗದು. ಎಂಜಿನಿಗೆ ದಯೆಯೂ ಇಲ್ಲ, ದ್ವೇಷವೂ ಇಲ್ಲ. ಬೆಲೆ ಎಲ್ಲಿ ಹೆಚ್ಚೋ ಅಲ್ಲಿಗೆ ಧಾನ್ಯವನ್ನು ಅದು ಎಳೆಯುವುದು. ಕಂಬಿಯು ಬರಗಾಲದ ಸೀಮೆಗೆ ಅಕ್ಕಿಯನ್ನು ತರಬಲ್ಲುದು. ಕೈಯಲ್ಲಿ ಕಾಸಿಲ್ಲದ ಸೀಮೆಯಿಂದ ರಾಗಿಯನ್ನು ಹೊರಕ್ಕೂ ಒಯ್ಯಬಲ್ಲುದು. 1876ರ ಕ್ಷಾಮದಲ್ಲಿ ಲಾರ್ಡ್ ಲಿಟ್ಟನ್ನನ ಸರ್ಕಾರವು ಧಾನ್ಯದ ವ್ಯಾಪಾರದಲ್ಲಿ ಕೈಹಾಕುವುದಿಲ್ಲವೆಂಬ ನೀತಿಯನ್ನೇ ಹಿಡಿದಿದ್ದಿತು; ದೇಶದಲ್ಲಿ ಜನರು ಹಸಿದಿದ್ದಾಗಲೂ ಧಾನ್ಯದ ರಫ್ತು ನಿಲ್ಲಲಿಲ್ಲ. 1880ರ ಕ್ಷಾಮ ಆಯೋಗವು ರೈಲು ದಾರಿಗಳನ್ನು ಹೆಚ್ಚಿಸಬೇಕೆಂದು ಶಿಫಾರಸು ಮಾಡಿದ್ದು ಸರಿಯೇ. ಆದರೆ ಗಾಡಿಯ ಜೊತೆಗೆ ಕೂಲಿಯೂ, ಕೂಲಿಯ ಜೊತೆಗೆ ಕಟ್ಟಳೆಯೂ ಇಲ್ಲದಿದ್ದರೆ ದಾರಿಯೊಂದರಿಂದಲೇ ಹೊಟ್ಟೆ ತುಂಬುವುದಿಲ್ಲವೆಂಬುದನ್ನು ಆ ಆಯೋಗದವರೂ ಬಲ್ಲವರಾಗಿದ್ದರು. ಯಂತ್ರವು ಕೊಡುವುದು ಸಾಮರ್ಥ್ಯವನ್ನು. ಅದನ್ನು ಯಾವ ದಿಕ್ಕಿಗೆ ತಿರುಗಿಸಬೇಕೆಂಬುದು ಮನುಷ್ಯರ ಕೈಯಲ್ಲಿರುವುದು.

ಇನ್ನೊಂದು ತೊಡಕು ಕಂಬಿಯ ಅಗಲದಿಂದಲೇ ಹುಟ್ಟಿತು. ಮದ್ರಾಸಿನಿಂದ ಅಗಲ ದಾರಿಯಲ್ಲಿ ಬಂದ ಮೂಟೆಯು ಬೆಂಗಳೂರಿನಲ್ಲಿ ಇಳಿದು, ಕೂಲಿಯವನ ಹೆಗಲೇರಿ, ಮೀಟರು ದಾರಿಯ ಡಬ್ಬಿಯನ್ನು ಸೇರಬೇಕಾಗಿದ್ದಿತು. ತಿಪಟೂರಿನ ಕೊಬ್ಬರಿ, ದಾವಣಗೆರೆಯ ಹತ್ತಿ, ಮಲೆನಾಡಿನ ಅಡಕೆ, ಶಿವಮೊಗ್ಗದ ಮರ, 1923ರಿಂದ ಭದ್ರಾವತಿಯ ಕಬ್ಬಿಣ ಇವುಗಳು ಮದ್ರಾಸಿನ ಕಡೆಗೆ ಹೋಗಬೇಕಾದರೂ ಇದೇ ಪಾಡು. ಹೀಗೆ ಇಳಿಸಿ ಏರಿಸುವುದರಲ್ಲಿ ಕಾಲವು ಕಳೆಯಿತು, ಮೂಟೆ ಹರಿಯಿತು, ಕೂಲಿಯು ಬೆಲೆಯ ಮೇಲೆ ಬಿದ್ದಿತು. ಅಗ್ಗವೆಂದು ಹಾಕಿದ ದಾರಿಯ ಉಳಿತಾಯವನ್ನು ಈ ಕೂಡುನಿಲ್ದಾಣಗಳು ನೂರು ವರ್ಷ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಲೇ ಬಂದುವು.

ಕಾಲಕ್ರಮದಲ್ಲಿ ಗಾಡಿಗಳು ಉದ್ದವಾದುವು, ಕಂಬಿಗಳು ದಪ್ಪನಾದುವು. ಆರು ಚಕ್ರದ ಎಂಜಿನು ಸಾಲದಾಯಿತು. ನಾಲ್ಕು ಜೊತೆ ಚಕ್ರಗಳ ವೈಡಿ ವರ್ಗವೂ, ಎರಡನೆಯ ಮಹಾಯುದ್ಧದ ಬಳಿಕ ವೈಜಿ ವರ್ಗವೂ ಬಂದುವು. ಎಫ್ ಎಂಜಿನುಗಳು ದೊಡ್ಡ ದಾರಿಯನ್ನು ಬಿಟ್ಟು ಕವಲು ದಾರಿಗಳಿಗೂ, ಅಲ್ಲಿಂದ ನಿಲ್ದಾಣದ ಅಂಗಳದಲ್ಲಿ ಡಬ್ಬಿಗಳನ್ನು ಹೊಂದಿಸುವ ಕೆಲಸಕ್ಕೂ ಇಳಿದು, ಕಡೆಗೆ ಗುಜರಿಯಾದುವು. ಮೈಸೂರು ಸಂಸ್ಥಾನದ ರೈಲ್ವೆಯು 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. 1972ರಲ್ಲಿ ದೇಶದಲ್ಲಿ ಉಗಿ ಎಂಜಿನುಗಳನ್ನು ಕಟ್ಟುವುದು ನಿಂತಿತು. 1990ರ ದಶಕದಲ್ಲಿ ಬೆಂಗಳೂರು ಮೈಸೂರು, ಬೆಂಗಳೂರು ಹುಬ್ಬಳ್ಳಿ ದಾರಿಗಳ ಮೀಟರು ಕಂಬಿಗಳನ್ನು ಕಿತ್ತು ಅಗಲ ಕಂಬಿಗಳನ್ನು ಹಾಕಿದರು. ಮೂಟೆಗಳನ್ನು ಇಳಿಸಿ ಏರಿಸುವ ಶಿಕ್ಷೆ ಅಂದಿಗೆ ಮುಗಿಯಿತು. ಅದರೊಡನೆಯೇ ಮೀಟರು ದಾರಿಯ ಉಗಿ ಎಂಜಿನೂ ಇಲ್ಲಿ ಕಣ್ಮರೆಯಾಯಿತು. ದುಃಖಪಡತಕ್ಕದ್ದಲ್ಲವಾದರೂ ಮರೆಯತಕ್ಕದ್ದಲ್ಲ.

ಎಂಜಿನುಗಳನ್ನು ಮರೆಯುವುದರಲ್ಲಿ ಬ್ರಿಟನ್ನೇನೂ ನಮಗಿಂತ ಹಿಂದೆ ಬೀಳಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1943ರಿಂದ 1945ರವರೆಗೆ, ಆರ್. ಎ. ರಿಡಲ್ಸ್ ಎಂಬ ಎಂಜಿನಿಯರು ರೂಪಿಸಿದ ಆಸ್ಟೆರಿಟಿ ಎಂಬ ಸಾಮಾನು ಗಾಡಿಯ ಎಂಜಿನುಗಳನ್ನು ಅಲ್ಲಿ 935ರಷ್ಟು ಕಟ್ಟಿದರು. ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಕಂಪನಿಯು 545ನ್ನೂ, ವಲ್ಕನ್ ಫೌಂಡ್ರಿಯು 390ನ್ನೂ ತಯಾರಿಸಿದುವು. ಆ ಹೆಸರಿಗೆ ಕಟ್ಟುನಿಟ್ಟಿನ ಮಿತವ್ಯಯವೆಂದರ್ಥ. ಒಳ್ಳೆಯ ಉಕ್ಕು ಯುದ್ಧಕ್ಕೆ ಬೇಕಾಗಿದ್ದುದರಿಂದ ಸಾಧ್ಯವಾದಲ್ಲೆಲ್ಲ ಎರಕದ ಕಬ್ಬಿಣವನ್ನು ಬಳಸಿ, ಅಲಂಕಾರವೊಂದನ್ನೂ ಸೇರಿಸದೆ, ಕೆಲವು ವರ್ಷ ಬಾಳಿದರೆ ಸಾಕೆಂದು ಅವನ್ನು ಕಟ್ಟಿದ್ದರು. ಯುದ್ಧ ಮುಗಿದ ಮೇಲೆ ಬ್ರಿಟಿಷ್ ರೈಲ್ವೆಯ ಪಾಲಿಗೆ ಬಂದ 733 ಎಂಜಿನುಗಳು 1960ರ ದಶಕದವರೆಗೂ ಕಲ್ಲಿದ್ದಲು ಗಾಡಿಗಳನ್ನು ಎಳೆದುವು. ಉಗಿಯ ಕಾಲ ಮುಗಿದಾಗ ಆ 733ನ್ನೂ ಒಡೆದುಹಾಕಿದರು, ಒಂದನ್ನೂ ಉಳಿಸಲಿಲ್ಲ. ಅನಂತರ ಎಚ್ಚೆತ್ತ ರೈಲು ಪ್ರೇಮಿಗಳು, ಯುದ್ಧಾನಂತರ ಹಾಲೆಂಡಿಗೆ ಹೋಗಿ ಅಲ್ಲಿಂದ ಸ್ವೀಡನ್ನಿನ ಪಾಲಾಗಿದ್ದ ಒಂದು ಎಂಜಿನನ್ನು 1970ರ ದಶಕದಲ್ಲಿ ತಾಯ್ನಾಡಿಗೆ ತಂದರು. ಬ್ರಿಟಿಷ್ ರೈಲ್ವೆಯಲ್ಲಿ ಆ ವರ್ಗದ ಸಂಖ್ಯೆಗಳು 90000ದಿಂದ 90732ರವರೆಗೆ ಇದ್ದುದರಿಂದ, ಇದಕ್ಕೆ ಮುಂದಿನ ಸಂಖ್ಯೆಯಾದ 90733ನ್ನು ಕೊಟ್ಟರು. ಸಂತಾನವೆಲ್ಲ ಹೋದ ಮನೆಗೆ ಪರದೇಶದಿಂದ ಬಂದ ಕಡೆಯ ಮಗನಂತೆ ಅದು ಉಳಿದಿರುವುದು.

ಆದರೆ ಆ ವರ್ಗದ ಪುಟ್ಟ ಮಾದರಿಗಳು ಬ್ರಿಟನ್ನಿನ ಮನೆಮನೆಗಳಲ್ಲಿ ಓಡುತ್ತಿರುವುವು. ಮೂಲವು ಹೋಗಿ ಬಿಂಬವು ಉಳಿದ ಈ ವಿಚಿತ್ರವನ್ನು ಕಂಡು ನಗುವುದಕ್ಕೆ ಮೊದಲು ಮಾದರಿಯೆಂದರೇನೆಂಬುದನ್ನು ಸ್ವಲ್ಪ ತಿಳಿಯೋಣ. ಎಂಜಿನು ಕಟ್ಟುವ ಕಂಪನಿಗಳು ಪ್ರದರ್ಶನಗಳಿಗಾಗಿ ಹಿತ್ತಾಳೆ ಉಕ್ಕುಗಳ ಅಂದವಾದ ಮಾದರಿಗಳನ್ನು ಮಾಡಿಸುತ್ತಿದ್ದುದು ಹಳೆಯ ವಾಡಿಕೆ. ಮಕ್ಕಳ ಆಟಕ್ಕೆಂದು ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಕೀಲಿ ಕೊಟ್ಟು ಓಡಿಸುವ ರೈಲುಗಳನ್ನು ಮಾರಾಟಕ್ಕೆ ತಂದನು; 1938ರಲ್ಲಿ ಅವನ ಕಂಪನಿಯು ಇನ್ನೂ ಚಿಕ್ಕದಾದ ಡಬ್ಲೋ ಎಂಬ ಬಗೆಯನ್ನು ಹೊರಡಿಸಿತು. ಆ ಅಳತೆಯಲ್ಲಿ ಎಂಜಿನಿನ ಒಂದು ಅಡಿಯು ಮಾದರಿಯಲ್ಲಿ 4 ಮಿಲಿಮೀಟರು. ಎಂದರೆ ಸುಮಾರು 76ರಲ್ಲಿ ಒಂದು ಪಾಲು. ಮೊದಮೊದಲು ಅಂಗಡಿಯವರಿಗೆ ಬೇಕಾದುದು ಬಣ್ಣಬಣ್ಣದ ಮೈಲು ಎಂಜಿನೇ. ಕರಿಯ ಬಣ್ಣದ, ಮಸಿ ಮೆತ್ತಿದ ಸಾಮಾನು ಎಂಜಿನುಗಳಿಗೆ ಬೆಲೆ ಬಂದದ್ದು ಆ ಮಕ್ಕಳು ಬೆಳೆದು, ತಾವು ನಿಜವಾಗಿ ಕಂಡಿದ್ದುದೇನೆಂದು ನೆನೆದುಕೊಳ್ಳತೊಡಗಿದ ಮೇಲೆ.

ಮಾದರಿಯ ಲೆಕ್ಕದಲ್ಲಿ ಒಂದು ಸ್ವಾರಸ್ಯವಿರುವುದು. ನಲವತ್ತು ಅಡಿ ಉದ್ದ, ನಲವತ್ತು ಟನ್ನು ತೂಕದ ಎಂಜಿನೊಂದನ್ನು 76ರಲ್ಲಿ ಒಂದು ಪಾಲಿಗೆ ಇಳಿಸಿದರೆ ಅದರ ಉದ್ದ 160 ಮಿಲಿಮೀಟರಾಗುವುದು; ಅಂಗೈ ಮತ್ತು ಬೆರಳುಗಳ ಮೇಲೆ ಮಲಗಿಸಬಹುದು. ಆದರೆ ತೂಕವು ಉದ್ದ, ಅಗಲ, ಎತ್ತರ ಮೂರರಲ್ಲಿಯೂ ತಗ್ಗುವುದರಿಂದ 76ರ ಘನದಷ್ಟು, ಎಂದರೆ ನಾಲ್ಕು ಲಕ್ಷ ಮೂವತ್ತೆಂಟು ಸಾವಿರಕ್ಕೂ ಮಿಗಿಲಾದ ಪಾಲು ಇಳಿಯುವುದು. ನಲವತ್ತು ಟನ್ನಿನ ಎಂಜಿನು ತೊಂಬತ್ತು ಗ್ರಾಮಿನಷ್ಟು ಹಗುರವಾಗುವುದು. ಎಳೆತವು ಭಾರದಿಂದ ಬರುವುದೆಂದು ಮೊದಲೇ ಹೇಳಿದೆವಲ್ಲವೆ? ಆದಕಾರಣ ಮಾದರಿ ಮಾಡುವವರು ಅದರ ಹೊಟ್ಟೆಯಲ್ಲಿ ಸೀಸದ ಗಟ್ಟಿಗಳನ್ನು ಅಡಗಿಸಿಡುವರು. ರೂಪವನ್ನು ಇಳಿಸಬಹುದು, ಬಲವನ್ನು ಅದೇ ಕ್ರಮದಲ್ಲಿ ಇಳಿಸಲಾಗದು. ಮಾದರಿಯನ್ನು ನೋಡಿ ಮೂಲದ ಶ್ರಮವನ್ನು ಅಳೆಯಹೊರಟವರು ಈ ಎಚ್ಚರವನ್ನು ಇಟ್ಟುಕೊಂಡಿರಬೇಕು.

ಕಂಬಿಯ ಅಗಲದಲ್ಲಿಯೂ ಒಂದು ರಾಜಿಯುಂಟು. ಬ್ರಿಟನ್ನಿನ 4 ಅಡಿ 8½ ಅಂಗುಲದ ದಾರಿಯು ಈ ಅಳತೆಯಲ್ಲಿ 18.83 ಮಿಲಿಮೀಟರು ಇರಬೇಕು, ವಾಡಿಕೆಯಲ್ಲಿರುವುದು 16.5. ಆದುದರಿಂದ ಅಲ್ಲಿಯ ಮಾದರಿ ಎಂಜಿನುಗಳು ತಮ್ಮ ಮೈಗಿಂತ ಇಕ್ಕಟ್ಟಾದ ದಾರಿಯಲ್ಲಿ ನಡೆಯುವುವು. ಆದರೆ ನಮ್ಮ ಮೀಟರು ದಾರಿಯ ಎಂಜಿನನ್ನು ಮಾಡಲೆಳಸುವವರಿಗೆ ಅದೃಷ್ಟವು ಬೇರೆ ಕಡೆಯಿಂದ ಒಲಿದಿರುವುದು. ತೋಟದಲ್ಲಿ ಓಡಿಸುವ ದೊಡ್ಡ ಮಾದರಿಗಳಿಗೆ 45 ಮಿಲಿಮೀಟರಿನ ಕಂಬಿ ಅಂಗಡಿಗಳಲ್ಲಿ ಸಿಕ್ಕುವುದು. 22½ರಲ್ಲಿ ಒಂದು ಪಾಲೆಂದು ಲೆಕ್ಕ ಹಾಕಿದರೆ ಅದು ಹೆಚ್ಚು ಕಡಮೆ ಸರಿಯಾಗಿ ಒಂದು ಮೀಟರೇ ಆಗುವುದು. ಎಫ್ ವರ್ಗದ ಎಂಜಿನನ್ನು ಯಾವ ರಾಜಿಯೂ ಇಲ್ಲದೆ ಅದರ ನಿಜವಾದ ದಾರಿಯ ಮೇಲೆ ನಿಲ್ಲಿಸಬಹುದು.

ನಮ್ಮ ಸೀಮೆಯಲ್ಲಿ ಹಳೆಯ ರೈಲ್ವೆಯ ನೆನಪಿಗೆ ನೆಲೆಯಿಲ್ಲದಿಲ್ಲ. ಮೈಸೂರಿನಲ್ಲಿ 1979ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯವಿರುವುದು. ಅಲ್ಲಿ 1899ರ ಮಹಾರಾಣಿಯವರ ಸಲೂನಿನ ಬಳಿಗೆ ನೋಡುವವರು ಮೊದಲು ಧಾವಿಸುವುದು ಸಹಜವೇ ಸರಿ. ಆದರೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ತಂದೆತಾಯಿಗಳು, ಈ ಸಲೂನು ಓಡಿದ ಕಂಬಿಯ ಮೇಲೆಯೇ ರಾಗಿ ಅಕ್ಕಿಗಳ ಡಬ್ಬಿಗಳೂ ಓಡಿದುವೆಂಬುದನ್ನು ಒಂದು ಮಾತಿನಲ್ಲಿ ಹೇಳಿದರೆ ಒಳ್ಳೆಯದು. ಮನೆಯಲ್ಲಿ ಮಾದರಿ ಮಾಡುವ ಹುಡುಗನಿಗೂ ಅದೇ ಮಾತನ್ನು ಹೇಳಬಹುದು. ಎಂಜಿನಿಗೆ ಬಣ್ಣ ಹಚ್ಚಿದರೆ ಕೆಲಸ ಮುಗಿಯಲಿಲ್ಲ. ಅದರ ಹಿಂದೆ ಡಬ್ಬಿಗಳಿರಬೇಕು, ಡಬ್ಬಿಯೊಳಗೆ ಮೂಟೆಗಳಿರಬೇಕು, ನಿಲ್ದಾಣದಲ್ಲಿ ಆ ಮೂಟೆಯನ್ನು ಇಳಿಸುವ ಕೂಲಿಯವನಿರಬೇಕು, ಹೊರಗೆ ಎತ್ತಿನ ಗಾಡಿ ಕಾದಿರಬೇಕು. ಆಗಲೇ ಅದು ಆಟಿಕೆಯಾಗದೆ ಚರಿತ್ರೆಯಾಗುವುದು.

ಯಲಹಂಕದಲ್ಲಿ 1984ರಿಂದ ರೈಲ್ವೆಯ ಗಾಲಿ ಅಚ್ಚುಗಳ ಕಾರ್ಖಾನೆಯೊಂದು ನಡೆಯುತ್ತಿರುವುದು. ಅಲ್ಲಿ ಹಳೆಯ ಉಕ್ಕಿನ ಗುಜರಿಯನ್ನು ವಿದ್ಯುತ್ತಿನ ಕುಲುಮೆಯಲ್ಲಿ ಕರಗಿಸಿ, ಸಾಮಾನು ಡಬ್ಬಿಗಳಿಗೆ ಹೊಸ ಗಾಲಿಗಳನ್ನು ಎರಕ ಹೊಯ್ಯುವರು. ಸವೆದ ಗಾಲಿಗಳೂ ಅಚ್ಚುಗಳೂ ಆ ಕುಲುಮೆಗೆ ಮರಳಿ ಬರುವುವು. ಹಳೆಯದು ಕರಗಿ ಹೊಸದಾಗಿ ಉರುಳುವುದು ಕಬ್ಬಿಣಕ್ಕೆ ಒಪ್ಪುವ ಧರ್ಮ. ನೆನಪಿಗೆ ಆ ಅನುಕೂಲವಿಲ್ಲ; ಅದನ್ನು ಒಮ್ಮೆ ಕರಗಿಸಿದರೆ ಮತ್ತೆ ಎರಕ ಹೊಯ್ಯಲಾಗದು. ಮುಂದೆ ಎಂದಾದರೂ ಅಬ್ಬಿಗೆರೆಯ ಬಳಿಯ ಗೇಟಿನಲ್ಲಿಯೋ ಬೇರೆ ಯಾವುದಾದರೂ ಗೇಟಿನಲ್ಲಿಯೋ ಉದ್ದವಾದ ಸಾಮಾನು ಗಾಡಿಗಾಗಿ ಕಾಯಬೇಕಾಗಿ ಬಂದಾಗ, 1871ರ ಮತ್ತು 1881ರ ಆ ಎರಡು ಜನಗಣತಿಗಳನ್ನು ನಾವು ನೆನೆಯೋಣ. ಆ ಗಾಡಿಯು ಇಲ್ಲಿಗೆ ಬರಲು ತಡಮಾಡಿದ ಕಾಲದಲ್ಲಿ ಕಾದವರು ಗೇಟಿನ ಬಳಿ ಐದು ನಿಮಿಷ ಕಾದವರಲ್ಲ.